ಹೊಳೆ ದಾಟಿದ ವಿಮಾನ

ಹೊಳೆಯ ದಡದ ಆಶ್ರಮದಲ್ಲಿ ಮರುಳಪ್ಪ ಎಂಬ ಗುರುಗಳಿದ್ದರು. ಮರದ ಪುಟ್ಟ ವಿಮಾನ ಕಟ್ಟಿ ಹಾರಿಸುವುದೇ ಅವರು ಕಲಿಸುತ್ತಿದ್ದ ವಿದ್ಯೆ.

ಶಿಷ್ಯ ಇಂದುಧರ ಮೊದಲು ಊರಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಅವನು ಕಟ್ಟಿದ ವಿಮಾನಗಳಲ್ಲಿ ಒಂದೂ ಹೊಳೆ ದಾಟಿರಲಿಲ್ಲ. ಈಗ ಕಟ್ಟುತ್ತಿದ್ದುದೂ ದಾಟದಿದ್ದರೆ ಊರಿಗೆ ಹೊರಟುಬಿಡುವುದೆಂದು ಒಳಗೊಳಗೇ ನಿಶ್ಚಯಿಸಿದ್ದ.

ಬೆಂಡಿನಂಥ ಮರದ ಕಡ್ಡಿಗಳ ಮೇಲೆ ತೆಳು ಕಾಗದ ಅಂಟಿಸಿದ. ಸುಕ್ಕು ಬಂತು. ಎಳೆದ. ಹರಿಯಿತು. ಮತ್ತೆ ಅಂಟಿಸಿದ, ಮತ್ತೆ ಸುಕ್ಕು. ಕೊನೆಗೆ ಅದು ಕಾಣದಂತೆ ದಪ್ಪಗೆ ಕೆಂಪು ಬಣ್ಣ ಬಳಿದು, ಮೇಲೆ ವಾರ್ನಿಷ್ ಹಚ್ಚಿದ. ವಿಮಾನ ಥಳಥಳ ಹೊಳೆಯಿತು.

"ಹೇಗಿದೆ, ಗುರುಗಳೇ?"

"ಮದುವಣಗಿತ್ತಿ ಹಾಗಿದೆ. ಹಾರಿಸು."

ಮೂತಿಯ ಪಂಖ ತಿರುಗಿಸುವ ರಬ್ಬರು ಪಟ್ಟಿಯನ್ನು ತಿರುಚಿ ಬಿಟ್ಟ. ವಿಮಾನ ನಾಲ್ಕು ಮಾರು ಹೋಗಿ ಮರಳಿಗೆ ಮೂತಿ ಚುಚ್ಚಿತು.

"ಏನಾಯ್ತು ಇದಕ್ಕೆ?"

"ನೀನೇನೋ ಸುಕ್ಕು ಮುಚ್ಚಿದೆ. ಬಣ್ಣದ ಭಾರ ಯಾರು ಹೊರಬೇಕು?"

ಇಂದುಧರ ತುಟಿ ಕಚ್ಚಿಕೊಂಡು ಕಾಗದವನ್ನೆಲ್ಲ ಸುಲಿದ. ಹೊಸದನ್ನು ಅಂಟಿಸಿದ. ಈ ಸಲವೂ ಸುಕ್ಕು. ಎಳೆಯಲು ಹೋದವನ ಕೈಯನ್ನು ಗುರುಗಳು ಸರಿಸಿದರು. ಬಾಯ್ತುಂಬ ನೀರು ತುಂಬಿಕೊಂಡು ರೆಕ್ಕೆಗಳ ಮೇಲೆ ಫೂ ಎಂದು ಸಿಂಪಡಿಸಿದರು.

ಕಾಗದ ಇನ್ನಷ್ಟು ಜೋತುಬಿತ್ತು.

"ಕೆಟ್ಟೇ ಹೋಯ್ತಲ್ಲ, ಗುರುಗಳೇ."

"ಕೈ ಕಟ್ಟಿ ಕೂತ್ಕೋ."

ಸೊಟ್ಟಗಾಗದಂತೆ ರೆಕ್ಕೆಗಳನ್ನು ಹಲಗೆಗೆ ಕಟ್ಟಿ ನೆರಳಿಗಿಟ್ಟರು. ಇಂದುಧರ ಕೂತ. ಕೈ ತುರಿಸಿತು, ಆದರೂ ಮುಟ್ಟಲಿಲ್ಲ. ನೀರು ಆರುತ್ತ ಬಂದಂತೆ ಸುಕ್ಕುಗಳು ಒಂದೊಂದಾಗಿ ತಾವೇ ಬಿಟ್ಟುಕೊಂಡವು. ಸಂಜೆಗೆ ಬೆರಳಿಂದ ತಟ್ಟಿದರೆ ಬಿಗಿದ ಕಾಗದ ತಮಟೆಯ ಹಾಗೆ ಟಂ ಎಂದಿತು.

ತೆಳ್ಳಗೆ ಒಂದು ಸಲ ವಾರ್ನಿಷ್ ಸವರಿದ. ಕುಂಚ ಮತ್ತೆ ಡಬ್ಬಿಗೆ ಹೋಯಿತು.

"ಇನ್ನೊಂದು ಸಲ ಸವರಲೇ?"

"ನಿನ್ನ ಕಣ್ಣಿಗೋ, ಅದರ ರೆಕ್ಕೆಗೋ?"

ಇಂದುಧರ ಕುಂಚ ತೊಳೆದಿಟ್ಟ.

ಬೆಳಗಾಯಿತು. ಬಣ್ಣವಿಲ್ಲದ ವಿಮಾನ ಅವನ ಕೈ ಬಿಟ್ಟಿತು. ತಗ್ಗಿತು. ನೀರಿನ ಮೇಲಿನ ಗಾಳಿ ಸಿಕ್ಕಿದ್ದೇ ತಡ, ಮೇಲೆದ್ದಿತು. ಬಿಸಿಲು ಕಾಗದದೊಳಗೆ ಹಾದು ಒಂದೊಂದು ಕಡ್ಡಿಯೂ ಕಂಡಿತು. ನಡುಹೊಳೆ ದಾಟಿತು, ಆಚೆ ದಡದ ಜೊಂಡು ದಾಟಿತು, ಜೋಳದ ಹೊಲದಲ್ಲಿ ಮೆಲ್ಲನೆ ಇಳಿಯಿತು. ಹೊಲದಲ್ಲಿದ್ದವರು ಕುಡುಗೋಲು ಬಿಟ್ಟು ಓಡಿಬಂದರು.

ಇಂದುಧರನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ದಾಟಿತು, ಗುರುಗಳೇ. ದಾಟೇಬಿಟ್ಟಿತು."

ಮರುಳಪ್ಪನವರು ಆಚೆ ದಡವನ್ನೇ ನೋಡುತ್ತಿದ್ದರು.

"ಅದೇನೋ ದಾಟಿತು. ನೀನ್ಯಾಕೆ ಇನ್ನೂ ಈ ದಡದಲ್ಲೇ ನಿಂತಿದ್ದೀಯ?"