ನೋವಿಗಾಗಿ ಕಾದವಳು

“ನೋವೇ ಇಲ್ದಿರೋದನ್ನ ಕಾಯಿಲೆ ಅಂತ ಹೆಂಗೆ ಅನ್ನೋದು ತಾಯಿ?”

ದೇವೀರಮ್ಮ ಹೀಗೆ ಕೇಳಿದಾಗ ಗುರುತಾಯಿ ಮಹಾಲಿಂಗಮ್ಮನವರು ಕಣ್ಣು ಮುಚ್ಚಿಕೊಂಡರು. ಧ್ಯಾನಕ್ಕಲ್ಲ. ಕಣ್ಣು ಬಿಟ್ಟುಕೊಂಡಿದ್ದರೆ ಎಲ್ಲಿ ಬೈದುಬಿಡುತ್ತೇನೋ ಎಂಬ ಭಯಕ್ಕೆ.

ದೇವೀರಮ್ಮ ಆಶ್ರಮದ ಅಡುಗೆಮನೆ ನೋಡಿಕೊಳ್ಳುವ ಶಿಷ್ಯೆ. ನಲವತ್ತೈದು ದಾಟಿದವಳು. ಅವಳ ಎಡ ಎದೆಯಲ್ಲಿ ಅವರೆಕಾಳಿನಷ್ಟು ಗಾತ್ರದ ಗಂಟೊಂದು ಕೈಗೆ ಸಿಕ್ಕಿ ಮೂರು ತಿಂಗಳಾಗಿತ್ತು. ಅದನ್ನು ಅವಳೇ ಬಂದು ಗುರುತಾಯಿಗೆ ಹೇಳಿದ್ದಳು. ಹೇಳಿದ ದಿನವೇ ಅವರು ಆಸ್ಪತ್ರೆಗೆ ಹೋಗು ಎಂದಿದ್ದರು. ಶ್ರಾವಣ ಮುಗಿಯಲಿ ಎಂದಳು. ಶ್ರಾವಣ ಮುಗಿಯಿತು. ಗೌರಿ ಹಬ್ಬ ಕಳೆಯಲಿ ಎಂದಳು. ಅದೂ ಕಳೆಯಿತು. ಅಲ್ಲಿ ನೋಡುವವರು ಗಂಡಸು ಡಾಕ್ಟರಂತೆ ಎಂದಳು. ಗುರುತಾಯಿ ತಾವೇ ಫೋನು ಮಾಡಿ ವಿಚಾರಿಸಿ, ನೋಡುವವರು ಹೆಣ್ಣುಮಗಳು ಎಂದು ಖಾತ್ರಿ ಮಾಡಿಕೊಂಡು, ನಾಳೆಗೆ ಅವಳ ಹೆಸರು ಬರೆಸಿದರು. ಇನ್ನು ಯಾವ ನೆಪವೂ ಉಳಿದಿಲ್ಲ ಎಂದು ಅವರು ನೆಮ್ಮದಿಯಿಂದ ಕುಳಿತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಗ ತತ್ವವಿಚಾರ ಬಂದಿತ್ತು.

“ಶರೀರ ನಶ್ವರ ಅಂತ ನೀವೇ ಹೇಳ್ಕೊಟ್ಟಿದ್ದೀರಿ. ನೋವು ಬಂದ್ರೆ ನಾನೇ ಹೋಗ್ತೀನಿ. ಬರ್ದೇ ಇರೋದನ್ನ ಹುಡುಕ್ಕೊಂಡು ಹೋಗೋದು ಮೋಹ ಅಲ್ವಾ?” ಎಂದಳು ದೇವೀರಮ್ಮ.

ತಾವು ಕಲಿಸಿದ ಮಾತನ್ನೇ ಶಿಷ್ಯೆ ತಮ್ಮ ದಾರಿಗೆ ಅಡ್ಡ ಹಾಕಿದರೆ ಯಾವ ಗುರುವಿಗಾದರೂ ಸಿಟ್ಟು ಬರುತ್ತದೆ. ಸಾರಿಗೆ ಉಪ್ಪು ಕಡಿಮೆಯಾದಾಗ ಇದೂ ನಶ್ವರ ಎಂದು ಬಿಟ್ಟವಳಲ್ಲ ಇವಳು. ಮಹಾಲಿಂಗಮ್ಮನವರಿಗೆ ಸಿಟ್ಟು ಬಂದಿತ್ತು, ಅದರ ಜೊತೆಗೆ ಹೆದರಿಕೆಯೂ ಆಗಿತ್ತು. ನಾಳೆ ಇವಳು ಹೋಗದಿದ್ದರೆ ಇನ್ನು ಹೋಗುವವಳಲ್ಲ ಎಂದು ಅವರಿಗೆ ಗೊತ್ತಿತ್ತು.

“ಕೂತ್ಕೋ. ಒಂದು ಕತೆ ಹೇಳ್ತೀನಿ. ನಡುವೆ ಬಾಯಿ ಹಾಕ್ಬೇಡ” ಎಂದರು.

ಒಂದು ಊರಿನಲ್ಲಿ ಹೈನು ಮಾಡಿ ಬದುಕುವ ಒಬ್ಬ ಹೆಂಗಸು ಇದ್ದಳು. ಹಸುವಿನ ಕೆಚ್ಚಲಿನ ವಿಚಾರದಲ್ಲಿ ಆ ಊರಿಗೆ ಅವಳ ಮಾತೇ ಕೊನೆಯ ಮಾತು. ಹಾಲು ಕರೆಯುವ ಮೊದಲು ಬೆಚ್ಚನೆಯ ನೀರಿನಲ್ಲಿ ಕೆಚ್ಚಲು ತೊಳೆಯುವಳು. ಒಂದೊಂದು ಮೊಲೆಯ ಬುಡವನ್ನೂ ಬೆರಳಿನಿಂದ ಒತ್ತಿ ನೋಡುವಳು. ಮೊದಲ ಧಾರೆಯನ್ನು ಅಂಗೈಗೆ ಹಿಂಡಿಕೊಂಡು, ಹಾಲು ಒಡೆದಿಲ್ಲ ಎಂದು ಕಂಡ ಮೇಲೆ ಪಾತ್ರೆ ಹಿಡಿಯುವಳು. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಮದುವೆಯಿರಲಿ, ಬೆಳಗ್ಗೆ ಸಂಜೆ ಇದು ತಪ್ಪಿದ್ದಿಲ್ಲ. ಕೆಚ್ಚಲು ಬಾವು ಬಂದು ಕೆಟ್ಟುಹೋದ ಹಸು ಅವಳ ಕೊಟ್ಟಿಗೆಯಲ್ಲಿ ಒಂದೂ ಇರಲಿಲ್ಲ. ಅಕ್ಕಪಕ್ಕದವರೂ ತಮ್ಮ ಹಸುವಿನ ಮೇಲೆ ಅನುಮಾನ ಬಂದರೆ ಮೊದಲು ಅವಳನ್ನೇ ಕರೆಯುತ್ತಿದ್ದರು.

ಅವಳ ಲೆಕ್ಕ ಸರಳ. ಬಾವು ಬಂದ ಕೆಚ್ಚಲು ಬಿಸಿಯಾಗುತ್ತದೆ. ಮುಟ್ಟಿದರೆ ನೋಯುತ್ತದೆ, ಹಸು ಝಾಡಿಸಿ ಒದೆಯುತ್ತದೆ. ಬಿಸಿಯೂ ಇಲ್ಲ, ಒದೆಯುವುದೂ ಇಲ್ಲ ಎಂದರೆ ಹೆದರಬೇಕಾದ್ದಿಲ್ಲ. ಹಸುಗಳ ಮಟ್ಟಿಗೆ ಈ ಲೆಕ್ಕ ಅವಳಿಗೆ ಎಂದೂ ಕೈಕೊಟ್ಟಿರಲಿಲ್ಲ.

ಒಂದು ದಿನ ಮೈ ತೊಳೆದುಕೊಳ್ಳುವಾಗ ಅವಳ ಎದೆಯಲ್ಲೇ ಒಂದು ಗಂಟು ಸಿಕ್ಕಿತು. ಗಟ್ಟಿಯಾಗಿತ್ತು. ಜರುಗುತ್ತಿರಲಿಲ್ಲ. ಒತ್ತಿ ನೋಡಿದಳು. ನೋಯಲಿಲ್ಲ. ಅಂಗೈ ಇಟ್ಟು ನೋಡಿದಳು. ಬಿಸಿ ಇರಲಿಲ್ಲ. ಇನ್ನೊಮ್ಮೆ ಜೋರಾಗಿ ಒತ್ತಿದಳು, ತನ್ನ ಕಾಲೇನಾದರೂ ಒದೆಯುತ್ತದೋ ಎಂದು ನೋಡುವವಳ ಹಾಗೆ. ಏನೂ ಆಗಲಿಲ್ಲ. ಕೊನೆಯ ಮಗನಿಗೆ ಮೊಲೆ ಬಿಡಿಸಿದಾಗ ಕಟ್ಟಿಕೊಂಡ ಹಾಲಿನ ಗಂಟು ಇರಬೇಕು ಎಂದುಕೊಂಡಳು. ಆ ಮಗ ಆಗ ಹೈಸ್ಕೂಲಿನಲ್ಲಿ ಓದುತ್ತಿದ್ದ. ಸೀರೆ ಉಟ್ಟುಕೊಂಡು ಕೊಟ್ಟಿಗೆಗೆ ಹೋದಳು.

ಗುರುತಾಯಿ ಇಲ್ಲಿ ಕತೆ ನಿಲ್ಲಿಸಿದರು.

“ಕರೆದಿಟ್ಟ ಹಾಲು ಸಂಜೆಗೆ ಒಡೆದುಹೋಗುತ್ತೆ ಅನ್ನೋದು ಅವಳಿಗೆ ಗೊತ್ತಿಲ್ವಾ? ಅಷ್ಟು ವರ್ಷದ ಹಾಲು ಎದೇಲಿ ಗಂಟಾಗಿ ಕೂತಿರುತ್ತಾ ಅಂತ ಒಂದ್ಸಲನಾದ್ರೂ ಅನ್ನಿಸ್ಬಾರ್ದಾ?”

ದೇವೀರಮ್ಮ ಸೆರಗು ಎಳೆದುಕೊಂಡಳು. ಬಾಯಿ ಹಾಕಬೇಡ ಎಂದು ಅವರೇ ಹೇಳಿದ್ದರಲ್ಲ, ಅದು ಅವಳಿಗೆ ಒಳ್ಳೆಯದೇ ಆಯಿತು.

ಆ ವರ್ಷ ಊರಿಗೆ ಒಬ್ಬ ನರ್ಸಮ್ಮ ಬಂದಳು. ಮೂವತ್ತು ದಾಟಿದ ಹೆಂಗಸರೆಲ್ಲ ಆರೋಗ್ಯ ಕೇಂದ್ರಕ್ಕೆ ಬಂದು ಎದೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಮನೆಮನೆಗೂ ಹೇಳಿಕೊಂಡು ಬಂದಳು. ಹೈನಿನವಳ ಮನೆಗೂ ಬಂದಳು.

“ಚೆನ್ನಾಗಿರೋರ್ನ ಕರ್ಕೊಂಡೋಗಿ ಏನು ನೋಡ್ತೀಯವ್ವ? ಉಣ್ತೀನಿ, ಗೇಯ್ತೀನಿ, ನಿದ್ದೆ ಬತ್ತದೆ” ಎಂದಳು ಹೈನಿನವಳು.

“ಚೆನ್ನಾಗಿರೋವಾಗ್ಲೇ ನೋಡ್ಬೇಕು ಅಕ್ಕ. ಈ ಕಾಯಿಲೆ ಮೊದ್ಲು ಮೊದ್ಲು ನೋಯೋದೇ ಕಮ್ಮಿ. ಸಣ್ಣದಿದ್ದಾಗ ಸಿಕ್ಬಿಟ್ರೆ ವಾಸಿ ಮಾಡೋದು ಸುಲಭ.”

“ನೋಯ್ದಿರೋ ಕಾಯಿಲೇನ ನಾನು ಕಂಡಿಲ್ಲ ಕಣವ್ವ. ನಾನು ನೋಡ್ದೇ ಇರೋ ಬಾವು ಯಾವುದು?” ಎಂದು ನಕ್ಕು, ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದಳು. ಗಂಟಿನ ಮಾತನ್ನೇ ಎತ್ತಲಿಲ್ಲ.

ಎದುರು ಮನೆಯವಳು ಮಹಾ ಪುಕ್ಕಲಿ. ಸೀನು ಬಂದರೆ ಮಾತ್ರೆ ನುಂಗುವವಳು. ನರ್ಸಮ್ಮ ಬೀದಿ ದಾಟುವುದರೊಳಗೆ ಅವಳ ಬೆನ್ನಿಗೇ ಹೋದಳು. ಪರೀಕ್ಷೆಯಲ್ಲಿ ಪುಕ್ಕಲಿಯ ಎದೆಯಲ್ಲೂ ಗಂಟು ಸಿಕ್ಕಿತು, ಅವಳ ಕೈಗೇ ಸಿಗದಷ್ಟು ಸಣ್ಣದು. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಎದೆಯ ಚಿತ್ರ ತೆಗೆದರು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿದರು. ಆಪರೇಷನ್ ಆಯಿತು. ಕೆಲವು ತಿಂಗಳು ತಲೆಗೂದಲು ಉದುರಿ, ಸೆರಗು ಹೊದ್ದುಕೊಂಡು ತಿರುಗಿದಳು.

ನೋವಿಲ್ಲದೆ ಹೋಗಿ ಕೊಯ್ಯಿಸಿಕೊಂಡು ಬಂದಳು, ಇರಲಾರದೆ ಇರುವೆ ಬಿಟ್ಟುಕೊಂಡಳು ಎಂದು ಹೈನಿನವಳು ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತು ಹೇಳಿದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಪುಕ್ಕಲಿಗೆ ಅದು ಕೇಳಿಸಿತು. ಕೇಳಿಸಿಕೊಂಡೇ ಮನೆಗೆ ನಡೆದಳು. ಕೂದಲು ಮತ್ತೆ ಬಂತು. ಡಾಕ್ಟರು ಬಾ ಎಂದಾಗಲೆಲ್ಲ ಹೋಗಿ ತೋರಿಸಿಕೊಂಡು ಬಂದು, ತನ್ನ ಪಾಡಿಗೆ ತಾನಿದ್ದಳು.

ಹೈನಿನವಳು ತನ್ನ ಗಂಟನ್ನು ಮರೆತಿದ್ದಳೆಂದಲ್ಲ. ಮರೆತಿದ್ದರೆ ಪಾಪ ಎನ್ನಬಹುದಿತ್ತು. ದಿನಾ ಸ್ನಾನದ ಹೊತ್ತಿಗೆ ಒತ್ತಿ ನೋಡುವಳು. ನೋಯಲಿಲ್ಲ ಎಂದರೆ ಆ ದಿನಕ್ಕೆ ಸಮಾಧಾನ. ಅವರೆಕಾಳಿನಷ್ಟಿದ್ದದ್ದು ಹುಣಸೆಬೀಜದಷ್ಟಾಯಿತು. ಹುಣಸೆಬೀಜದಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ಮೇಲಿನ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಒರಟಾಯಿತು. ತೊಟ್ಟು ಒಳಕ್ಕೆ ಸೆಳೆದುಕೊಂಡಿತು. ಹಸುವಿನ ಮೊಲೆ ಹಾಗೆ ಸೆಳೆದುಕೊಂಡಿದ್ದರೆ ಅವಳು ಉಣ್ಣುವ ತುತ್ತು ಬಿಟ್ಟು ದನದ ಡಾಕ್ಟರನ್ನು ಕರೆತರಲು ಓಡುತ್ತಿದ್ದಳು. ತನ್ನದನ್ನು ನೋಡಿ, ವಯಸ್ಸಾಯಿತು ಎಂದುಕೊಂಡಳು. ಗಂಡನಿಗೆ ಹೇಳಲು ನಾಚಿಕೆ. ಮಗಳಿಗೆ ಹೇಳಲು, ಅವಳು ಗಾಬರಿಯಾದಾಳು ಎಂಬ ಯೋಚನೆ. ನೋವೊಂದು ಬರಲಿ, ಆಗ ನೋಡಿದರಾಯಿತು ಎಂದು ಕಾದಳು.

ನೋವು ಬಂತು. ಬಂದದ್ದು ಎದೆಗಲ್ಲ, ಬೆನ್ನಿಗೆ.

ಹುಲ್ಲಿನ ಹೊರೆ ಹೊತ್ತದ್ದಕ್ಕೆ ಹಿಡಿದುಕೊಂಡಿದೆ ಎಂದು ಎಣ್ಣೆ ತಿಕ್ಕಿಸಿಕೊಂಡಳು. ಬಿಸಿನೀರು ಹೊಯ್ಯಿಸಿಕೊಂಡಳು. ಕೊನೆಗೆ ಹಾಸಿಗೆಯಿಂದ ಏಳಲಾರದೆ ಹೋದಾಗ ಗಂಡ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಬೆನ್ನು ತೋರಿಸಲು ಹೋದವಳ ಎದೆಯನ್ನು ಡಾಕ್ಟರು ನೋಡಿದರು.

“ಇದು ಯಾವಾಗ ಕೈಗೆ ಸಿಕ್ತಮ್ಮ?”

“ಹೋದ ವರ್ಷದ ಹಿಂದ್ಲು ವರ್ಷ, ರಾಗಿ ಬಿತ್ತೋ ಹೊತ್ನಲ್ಲಿ.”

“ಮತ್ತೆ ಇಷ್ಟು ದಿನ ಯಾಕೆ ಬರ್ಲಿಲ್ಲ?”

“ನೋಯ್ಲಿ ಅಂತ ಕಾಯ್ತಿದ್ದೆ.”

ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಎದೆಯಲ್ಲಿ ಹುಟ್ಟಿದ ರೋಗ ಮೂಳೆಗೆ ಇಳಿದಿತ್ತು. ನೋವು ತಗ್ಗಿಸಲು ಔಷಧವಿತ್ತು. ಇನ್ನಷ್ಟು ದಿನ ಉಳಿಸಿಕೊಳ್ಳುವುದಕ್ಕೂ ಇತ್ತು. ಪೂರ್ತಿ ವಾಸಿ ಮಾಡುವ ಹೊತ್ತು ದಾಟಿಹೋಗಿತ್ತು. ಅವರು ಕೈಲಾದದ್ದನ್ನೆಲ್ಲ ಮಾಡಿದರು. ಮುಂದಿನ ಸಂಕ್ರಾಂತಿಗೆ ಹಸುಗಳ ಮೈ ತೊಳೆದು ಅರಿಶಿನ ಹಚ್ಚಲು ಅವಳಿರಲಿಲ್ಲ. ಗಂಡನಿಗೆ ಕೆಚ್ಚಲು ನೋಡುವ ಅಭ್ಯಾಸವಿರಲಿಲ್ಲ. ಅವನು ಹಸುಗಳನ್ನು ಒಂದೊಂದಾಗಿ ಮಾರಿದ.

ಕತೆ ಮುಗಿಯಿತು. ಮಹಾಲಿಂಗಮ್ಮನವರು ಶಿಷ್ಯೆಯ ಮುಖ ನೋಡಿದರು. ನಾಳೆ ಹೋಗಿ ಬರುತ್ತೇನೆ ತಾಯಿ ಎಂಬ ಒಂದು ಮಾತಿಗಾಗಿ ಕಾದರು. ಇಷ್ಟು ಹೇಳಿದ ಮೇಲೂ ಬರದಿದ್ದರೆ ಇನ್ನು ಏನು ಹೇಳುವುದೆಂದು ಅವರಿಗೆ ತೋಚಲಿಲ್ಲ. ಕಲ್ಲಿನ ಮುಂದೆ ಇಷ್ಟು ಹೊತ್ತು ಮಾತಾಡಿದ್ದರೆ ಕಲ್ಲಾದರೂ ಹೂಂ ಅನ್ನುತ್ತಿತ್ತು ಅನ್ನಿಸಿತು.

ದೇವೀರಮ್ಮನ ಕಣ್ಣಲ್ಲಿ ನೀರಿತ್ತು. ಗುರುತಾಯಿಗೆ ಕ್ಷಣಕಾಲ ಆಸೆಯಾಯಿತು. ಆದರೆ ಆ ನೀರು ಹೈನಿನವಳಿಗಾಗಿ ಬಂದದ್ದು.

“ಅಷ್ಟು ವರ್ಷ ಹಸುಗಳ ಸೇವೆ ಮಾಡಿದೋಳು” ಎಂದಳು ದೇವೀರಮ್ಮ, ಕಣ್ಣೊರೆಸಿಕೊಳ್ಳುತ್ತ. “ಆ ಪುಣ್ಯಾತ್ಗಿತ್ತೀನ ದೇವ್ರು ಕಾಯ್ಬೋದಿತ್ತಲ್ವಾ ತಾಯಿ?”

ಮಹಾಲಿಂಗಮ್ಮನವರು ಹಣೆ ಚಚ್ಚಿಕೊಂಡರು.

“ಆ ಗಂಟನ್ನ ಅವಳ ಬೆರಳಿಗೇ ತಗುಲಿಸಿ ತೋರ್ಸಿದ್ನಲ್ಲೇ, ಇನ್ನು ಆ ದೇವ್ರೇ ಇಳಿದು ಬಂದು ಕೈ ಹಿಡ್ಕೊಂಡು ಆಸ್ಪತ್ರೆಗೂ ಕರ್ಕೊಂಡು ಹೋಗ್ಬೇಕಿತ್ತಾ?”

ದೇವೀರಮ್ಮನ ಕೈ ತಾನಾಗಿಯೇ ತನ್ನ ಎಡ ಎದೆಯ ಮೇಲಿನ ಸೆರಗಿಗೆ ಹೋಯಿತು.