ಹಿಂದಿನ ಸೀಟಿನ ಸದ್ದು

"ಬುದ್ಧಿ, ಓಂಕಾರಪ್ಪನನ್ನು ಮತ್ತೆ ಅಡುಗೆಮನೆಗೇ ಕಳಿಸಿಬಿಡಬಾರದೇ?" ಎಂದು ಪಂಚಾಕ್ಷರಿ ಗುರುಗಳನ್ನು ಕೇಳಿದ.

ಓಂಕಾರಪ್ಪ ಮಠದ ಹಳೆಯ ಅಡುಗೆಯವನು. ಕಟ್ಟಿಗೆ ಒಲೆಯ ಮುಂದೆಯೇ ತಲೆ ನರೆತಿತ್ತು. ಈಚೆಗೆ ಗುರುಗಳು ಅವನಿಗೆ ಒಲೆಯ ಕೆಲಸ ಬಿಡಿಸಿ, ಬಂದವರಿಗೆ ವಿಭೂತಿ ಕೊಡಲು ಮುಂದಿನ ಪಡಸಾಲೆಯಲ್ಲಿ ಕೂರಿಸಿದ್ದರು. ಪಡಸಾಲೆಯ ಉಸ್ತುವಾರಿ ಪಂಚಾಕ್ಷರಿಯದು. ಅಡುಗೆಮನೆ ಮಠದ ಹಿತ್ತಲಿನಲ್ಲಿ. ಅಲ್ಲಿಯ ಹೊಗೆಯಾಗಲಿ ಸದ್ದಾಗಲಿ ಪಡಸಾಲೆಗೆ ಬರುವುದಿಲ್ಲ.

"ಅಲ್ಲಿದ್ದಾಗ ಕಲ್ಲುಗುಂಡಿನ ಹಾಗಿದ್ದ. ಇಲ್ಲಿಗೆ ಬಂದು ಕೆಮ್ಮು ಹಚ್ಚಿಕೊಂಡಿದ್ದಾನೆ. ಪ್ರಾರ್ಥನೆ ನಡೆಯುವಾಗಲೂ ಬಿಡುವುದಿಲ್ಲ, ಭಕ್ತರು ತಿರುಗಿ ತಿರುಗಿ ನೋಡುತ್ತಾರೆ. ಮೊದಲು ಇದ್ದ ಹಾಗೆ ಇದ್ದರೆ ಎಲ್ಲರಿಗೂ ನೆಮ್ಮದಿ."

"ಎಲ್ಲರಿಗೂ ಅಂದೆಯಾ? ಸರಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಗುರುಗಳು ಶುರುಮಾಡಿದರು.

ಒಬ್ಬ ಸೀರೆ ವ್ಯಾಪಾರಿ ಇದ್ದ. ಅವನಿಗೆ ಅಂಗಡಿ ಗಿಂಗಡಿ ಏನೂ ಇರಲಿಲ್ಲ, ಕಾರೇ ಅಂಗಡಿ. ನೇಕಾರರ ಮನೆಯಿಂದ ಸೀರೆ ತಂದು, ಊರೂರು ಸುತ್ತಿ, ಮನೆಮನೆಗೆ ಹೋಗಿ ಮಾರುತ್ತಿದ್ದ. ಕಾರು ಓಡಿಸುವವನು ಅವನು, ಸೀರೆ ಬಿಚ್ಚಿ ತೋರಿಸುವವಳು ಅವನ ಹೆಂಡತಿ. ಯಾವ ಮೈಬಣ್ಣಕ್ಕೆ ಯಾವ ಸೆರಗು ಒಪ್ಪುತ್ತದೆ ಅನ್ನುವುದು ಅವಳಿಗೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಅವಳು ಬಾರದ ದಿನ ಹೆಂಗಸರು 'ಅಕ್ಕ ಬರಲಿಲ್ವಾ?' ಎಂದು ಬಾಗಿಲಲ್ಲೇ ಕೇಳಿ ಒಳಗೆ ಹೋಗಿಬಿಡುತ್ತಿದ್ದರು. ಊರಿಂದ ಊರಿಗೆ ದಾರಿಯುದ್ದಕ್ಕೂ ಗಂಡ ಹೆಂಡಿರ ಹರಟೆ. ವ್ಯಾಪಾರ ಆಗಲಿ ಬಿಡಲಿ, ಆ ಹರಟೆಗಾಗಿಯೇ ಅವನಿಗೆ ತಿರುಗಾಟ ಇಷ್ಟವಾಗಿತ್ತು.

ಅವನದೊಂದು ಪದ್ಧತಿ. ಸರಕು ಅಂದರೆ ಲಕ್ಷ್ಮಿ, ಅವಳನ್ನು ಬೆನ್ನ ಹಿಂದೆ ಹಾಕಿಕೊಳ್ಳಬಾರದು ಎಂದು ಅವನಪ್ಪ ಹೇಳಿದ್ದ. ಆ ಅಪ್ಪ ಸೀರೆಗಂಟನ್ನು ಸೈಕಲ್ಲಿನ ಮುಂದೆ ಕಟ್ಟಿಕೊಂಡು ತಿರುಗಿದವನು. ಮಗನಿಗೆ ಕಾರು ಬಂದರೂ ಪದ್ಧತಿ ಬಿಡಲಿಲ್ಲ. ಪಕ್ಕದ ಸೀಟಿನಲ್ಲಿ ಗಂಟು, ಗಂಟಿಗೆ ದಿನಾ ಕುಂಕುಮ. ಹೆಂಡತಿ ಹಿಂದಿನ ಸೀಟಿನಲ್ಲಿ. 'ನಿಮ್ಮ ಲಕ್ಷ್ಮಿ ಆರಾಮಾಗಿ ಕೂತಿದ್ದಾಳೇನ್ರೀ?' ಎಂದು ಅವಳು ಹಿಂದಿನಿಂದ ಕಿಚಾಯಿಸುತ್ತಿದ್ದಳು.

ಒಂದು ಸಲ ಅವಳೇ ಹೇಳಿದಳು: 'ರೀ, ಇಲ್ಲಿ ಕೆಳಗೆ ಏನೋ ಗುಂಯ್ ಅಂತಿದೆ. ಸೊಂಟಕ್ಕೂ ಬಡೀತಿದೆ.'

'ರೋಡೇ ಹಂಗಿದೆ ಕಣೇ,' ಎಂದು ಅವನು ರೇಡಿಯೋ ಜೋರು ಮಾಡಿದ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ರೇಡಿಯೋ ಮಾತ್ರ ಜೋರಾಗಿಯೇ ಉಳಿಯಿತು. ಅದರ ಮೇಲೆ ಕೂಗಿ ಮಾತಾಡುವುದು ಯಾರಿಗೆ ಬೇಕು, ಹರಟೆಯೂ ಕಡಿಮೆಯಾಯಿತು.

ಮುಂದಿನ ಟೈರು ಬೇಗ ಸವೆಯುತ್ತವೆಂದು ಗ್ಯಾರೇಜಿನವರು ಆಗಾಗ ಅವನ್ನು ಹಿಂದಕ್ಕೂ, ಹಿಂದಿನವನ್ನು ಮುಂದಕ್ಕೂ ಹಾಕುತ್ತಾರಲ್ಲ, ವ್ಯಾಪಾರಿಯೂ ಹಾಕಿಸಿದ. ಮಾರನೆಯ ದಿನ ಊರು ದಾಟುತ್ತಿದ್ದಂತೆ ಅವನ ಕಾಲ ಕೆಳಗೆ ಗುಂಯ್ ಎಂದು ಶುರುವಾಯಿತು. ಸ್ಟೀರಿಂಗು ಅದುರತೊಡಗಿತು. ರೇಡಿಯೋ ಎಷ್ಟು ಜೋರು ಮಾಡಿದರೂ ಆ ಸದ್ದು ಅಡಗಲಿಲ್ಲ. 'ಚೆನ್ನಾಗಿದ್ದ ಗಾಡಿ ಹಾಳು ಮಾಡಿಬಿಟ್ಟನಲ್ಲ ಪುಣ್ಯಾತ್ಮ!' ಎಂದು ಗ್ಯಾರೇಜಿನ ಮೇಸ್ತ್ರಿಯನ್ನು ಬೈಯುತ್ತಾ ಕನ್ನಡಿಯಲ್ಲಿ ಹಿಂದೆ ನೋಡಿದ. ಹೆಂಡತಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಅವಳು ಕಾರಿನಲ್ಲಿ ಮಲಗಿದ್ದನ್ನು ಅವನು ಬಹಳ ದಿನಗಳಿಂದ ನೋಡಿರಲಿಲ್ಲ. ಊರು ಬಂದಾಗ ಎದ್ದು, ಮುಖ ಒರೆಸಿಕೊಂಡು, 'ಅಬ್ಬಾ, ಇವತ್ತು ಎಷ್ಟು ಹಾಯಾಗಿತ್ತು ರೀ!' ಅಂದಳು. ಇವತ್ತೇ ಯಾಕೆ ಹಾಯಾಗಿತ್ತು ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ. ಅವನ ಕಿವಿ ತುಂಬಾ ತನ್ನ ಕಾಲಡಿಯ ಸದ್ದೇ ಇತ್ತು.

ಸಂಜೆ ಗ್ಯಾರೇಜಿಗೆ ಹೋಗಿ ರೇಗಾಡಿದ. ಮೇಸ್ತ್ರಿ ಟೈರಿನ ಮೇಲೆ ಕೈಯಾಡಿಸಿ, 'ಇವು ಹಿಂದೆ ಇದ್ದಾಗಲೇ ಏರುಪೇರಾಗಿ ಸವೆದಿವೆ. ಯಾಕೆ ಅಂತ ಗಾಡಿ ಎತ್ತಿ ನೋಡಬೇಕು, ಬಿಟ್ಟು ಹೋಗಿ,' ಅಂದ.

'ಮದುವೆ ಸೀಜನ್ನಿನಲ್ಲಿ ಗಾಡಿ ಬಿಟ್ಟು ಹೋಗಲಾ? ನೋಡೋದು ಗೀಡೋದು ಬೇಡ ಮಾರಾಯ, ಮೊದಲು ಹೆಂಗಿತ್ತೋ ಹಂಗೇ ಹಾಕಿಕೊಡು.'

ಮೇಸ್ತ್ರಿಗೂ ಮನೆಗೆ ಹೋಗುವ ಆತುರ. ಹಂಗೇ ಹಾಕಿಕೊಟ್ಟ. ಮಾರನೆಯ ದಿನ ಮುಂದೆ ಸದ್ದಿಲ್ಲ, ಅದುರುವುದಿಲ್ಲ. 'ನೋಡಿದೆಯಾ, ಹೇಗೆ ಸರಿ ಮಾಡಿಸಿದೆ!' ಎಂದು ವ್ಯಾಪಾರಿ ಕೊಚ್ಚಿಕೊಂಡ. ಹಿಂದಿನಿಂದ 'ಹೂಂ' ಎಂದಷ್ಟೇ ಬಂತು.

ಸೀಜನ್ನು ಜೋರಾಗಿ ನಡೆಯಿತು. ಅವಳು ಕೂರುವ ಕಡೆ ಮೊದಲು ಒಂದು ದಿಂಬು ಬಂತು, ಆಮೇಲೆ ಮಡಿಸಿದ ಕಂಬಳಿ. ಇಳಿಯುವಾಗ ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ನಿಲ್ಲುತ್ತಿದ್ದಳು. 'ಮುದುಕಿಯಾದೆ ಕಣೇ,' ಎಂದು ಅವನು ನಗುತ್ತಿದ್ದ. ರಾತ್ರಿ ಸೊಂಟಕ್ಕೆ ಎಣ್ಣೆಯನ್ನೂ ತಿಕ್ಕುತ್ತಿದ್ದ. ಪ್ರೀತಿ ಇಲ್ಲದವನೇನಲ್ಲ. ಕೊನೆಗೊಂದು ದಿನ ಯಾರದೋ ಮನೆಯ ಮುಂದೆ ಅವಳಿಗೆ ಸೀಟಿನಿಂದ ಏಳಲು ಆಗಲೇ ಇಲ್ಲ. ಆ ಮನೆಯ ಹೆಂಗಸರೇ ಹಿಡಿದು ಇಳಿಸಿದರು. ಮೊದಲೇ ಬಲವಿಲ್ಲದ ಸೊಂಟ, ಕುಲುಕಿ ಕುಲುಕಿ ಕೆಟ್ಟಿದೆ, ಇನ್ನು ತಿರುಗಾಟ ಆಗದು ಎಂದು ಡಾಕ್ಟರು ಹೇಳಿದರು. ಅವಳು ಮಂಚ ಹಿಡಿದಳು. ವ್ಯಾಪಾರಿ ಒಬ್ಬನೇ ಹೋಗತೊಡಗಿದ.

ಅಷ್ಟರಲ್ಲಿ ಅವನ ಕಣ್ಣಿಗೆ ಆಪರೇಷನ್ ಆಯಿತು. ಕಾರು ಓಡಿಸುವಂತಿಲ್ಲ. ಹೆಂಡತಿಯ ತಮ್ಮ ಓಡಿಸಲು ಬಂದ. ಪಕ್ಕದ ಸೀಟಿನಲ್ಲಿ ಲಕ್ಷ್ಮಿ ಇದ್ದಳಲ್ಲ, ವ್ಯಾಪಾರಿ ಹಿಂದೆ ಹೋಗಿ ಕೂತ. ಆ ಕಾರು ಕೊಂಡಮೇಲೆ ಅವನು ಹಿಂದೆ ಕೂತದ್ದು ಅದೇ ಮೊದಲು.

ಊರು ದಾಟುತ್ತಿದ್ದಂತೆ ಕೆಳಗೆ ಗುಂಯ್ ಎಂದಿತು. ಸೀಟು ಸೊಂಟಕ್ಕೆ ಬಡಿಯಿತು. 'ನಿಲ್ಲಿಸೋ!' ಎಂದು ಕೂಗಿದ.

'ಯಾಕೆ ಭಾವ, ಏನಾಯ್ತು?'

'ಈ ಸದ್ದು ಕೇಳಿಸ್ತಿಲ್ವಾ ನಿನಗೆ?'

'ಇಲ್ಲವಲ್ಲ,' ಅಂದ ಅವನು, ರೇಡಿಯೋ ತಗ್ಗಿಸುತ್ತಾ.

ವ್ಯಾಪಾರಿ ಇಳಿದು ಹಿಂದಿನ ಟೈರಿನ ಮೇಲೆ ಕೈಯಿಟ್ಟ. ಗರಗಸದ ಹಲ್ಲಿನ ಹಾಗೆ ಒಂದು ಕಡೆ ಎದ್ದು ಒಂದು ಕಡೆ ತಗ್ಗಿತ್ತು. ಬಿಸಿಲಿನಲ್ಲಿ ಅಲ್ಲೇ ಕುಕ್ಕರಿಸಿಬಿಟ್ಟ. ಅವಳು ಹೇಳಿದ್ದು, ರೇಡಿಯೋ, ಆ ಒಂದು ದಿನದ ನಿದ್ದೆ, ಎಲ್ಲ ಒಂದೊಂದಾಗಿ ನೆನಪಾಯಿತು. ಆ ಒಂದು ದಿನದ ನೆಮ್ಮದಿಯನ್ನೂ ಅವಳಿಂದ ತಾನೇ ದುಡ್ಡು ಕೊಟ್ಟು ಕಿತ್ತುಕೊಂಡಿದ್ದ. ಅಯ್ಯೋ ದೇವರೇ ಅಂದ. ಇನ್ನೇನು ಅಂದಾನು.

ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟ. ಈ ಸಲ ಎಷ್ಟು ದಿನ ಎಂದು ಕೇಳಲಿಲ್ಲ. ಎತ್ತಿ ನೋಡಿದರೆ ಹಿಂದಿನ ಶಾಕ್ ಅಬ್ಸಾರ್ಬರುಗಳು ಎಂದೋ ಸತ್ತಿದ್ದವು, ಟೈರು ಹಾಗೆ ಸವೆದದ್ದು ಅದರಿಂದಲೇ. ಅವನ್ನು ಬದಲಾಯಿಸಿದ, ಟೈರು ಹೊಸವು ಹಾಕಿಸಿದ. ಅಪ್ಪನ ಮಾತು ಮೀರಿ ಲಕ್ಷ್ಮಿಯ ಗಂಟನ್ನು ಹಿಂದಕ್ಕೆ ಹಾಕಿ, ಮುಂದಿನ ಸೀಟಿಗೆ ಮೆತ್ತನೆಯ ಹಾಸು ಹೊದಿಸಿದ. ಮನೆಗೆ ಬಂದು ಮಂಚದ ಪಕ್ಕ ನಿಂತ.

'ಬಾರೇ, ಇನ್ಮೇಲೆ ನೀನು ಮುಂದೆ ಕೂತ್ಕೋ. ಒಂಚೂರೂ ಸದ್ದಿಲ್ಲ ಈಗ.'

ಅವಳು ಅವನ ಮುಖವನ್ನೇ ನೋಡಿದಳು. 'ಇನ್ನು ನನ್ನ ಕೈಲಿ ಕೂರೋಕಾಗಲ್ಲ ರೀ. ನೀವು ಹೋಗಿಬನ್ನಿ,' ಅಂದಳು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಈಗಲೂ ಅವನು ಸೀರೆ ಮಾರುತ್ತಾನೆ. ಕಾರು ಚೂರೂ ಸದ್ದು ಮಾಡುವುದಿಲ್ಲ. ಅವನು ರೇಡಿಯೋ ಹಾಕುವುದಿಲ್ಲ. ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ.

ಗುರುಗಳು ಕತೆ ಮುಗಿಸಿದರು.

"ಆ ವ್ಯಾಪಾರಿ ಕೆಟ್ಟವನೇನಲ್ಲ ಬುದ್ಧಿ," ಅಂದ ಪಂಚಾಕ್ಷರಿ.

"ಅಲ್ಲ. ಕೆಟ್ಟವನಾಗಿದ್ದರೆ ನಿನಗೆ ಯಾಕೆ ಹೇಳುತ್ತಿದ್ದೆ?"

ಪಡಸಾಲೆಯಿಂದ ಕೆಮ್ಮು ಕೇಳಿಸಿತು. ಓಂಕಾರಪ್ಪ ಅದನ್ನು ಶಲ್ಯದಲ್ಲಿ ಅಡಗಿಸಲು ನೋಡುತ್ತಿದ್ದ, ಅಡಗುತ್ತಿರಲಿಲ್ಲ. ಪಂಚಾಕ್ಷರಿ ಅತ್ತ ತಿರುಗಿದ. ಈ ಸಲ ಅವನು ಮುಖ ಗಂಟಿಕ್ಕಲಿಲ್ಲ.

ಗುರುಗಳು ಎದ್ದು ನಿಂತು ಹೇಳಿದರು: "ನಾಳೆಯಿಂದ ಒಲೆಯ ಮುಂದೆ ನೀನು ಕೂರು, ಆ ಕೆಮ್ಮು ಎಲ್ಲಿ ಶುರುವಾಯಿತು ಅಂತ ಆಮೇಲೆ ಬಂದು ನನಗೆ ಹೇಳು."