ಮಧ್ಯಾಹ್ನದ ಪಾಳಿ

ಹೊಳೆದಂಡೆಯ ವಿಮಾನ ಶಾಲೆಯಲ್ಲಿ ಆವತ್ತು ವಾದಿರಾಜನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಸಂಜೆಯೊಳಗೆ ಅವನು ಗುರುಗಳಿಗೆ ಒಂದು ಹೆಸರು ಹೇಳಬೇಕಿತ್ತು. ಕಲಿಯುವವರಲ್ಲಿ ಉಳಿದವರು ಇಬ್ಬರೇ, ದೇವದತ್ತ ಮತ್ತು ರುಕ್ಸಾನಾ. ಒಬ್ಬರು ಮುಂದಿನ ತರಬೇತಿಗೆ, ಇನ್ನೊಬ್ಬರು ಗಂಟುಮೂಟೆ ಕಟ್ಟಿಕೊಂಡು ಮನೆಗೆ.

ಹಾರಿಸುವುದನ್ನು ಅವನು ಎಂದೋ ಕಲಿತಿದ್ದ. ಹಾರಿಸುವವರನ್ನು ತೂಗುವುದನ್ನು ಈಗ ಮುದುಕ ಉತ್ತಯ್ಯನವರ ಹತ್ತಿರ ಕಲಿಯುತ್ತಿದ್ದ.

ತೂಗಿಯೂ ಆಗಿತ್ತು. ವಿಮಾನದೊಳಗಿನ ಯಂತ್ರ ಬರೆದಿಟ್ಟದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಇಳಿಯುವಾಗ ಯಾರು ದಾರಿಯಿಂದ ಎಷ್ಟು ಸರಿದರು ಅಂತ ಸರಾಸರಿ ತೆಗೆದು ಗೆರೆ ಎಳೆಸಿದ್ದ. ದೇವದತ್ತನದು ದಾರ ಹಿಡಿದ ಹಾಗೆ ನೆಟ್ಟಗಿತ್ತು. ರುಕ್ಸಾನಾಳದು, ಪಾಪ, ಕೋಳಿ ಕೆದರಿದ ಹಾಗೆ.

ಆ ಹುಡುಗಿಯ ಮುಖ ನೋಡಿ ಹೇಳುವುದು ಹೇಗೆ ಅಂತ ಸಂಕಟ. ಆದರೂ ಗೆರೆ ಎಳೆಸಿದ ಕಾಗದ ಹಿಡಿದು ಗುರುಗಳ ಮುಂದೆ ಹೋಗಿ ನಿಂತ.

"ರುಕ್ಸಾನಾ ಮನೆಗೆ ಹೋಗಲಿ, ಸರ್. ಅಂಕಿ ಸುಳ್ಳು ಹೇಳಲ್ಲ."

ಉತ್ತಯ್ಯ ಕಾಗದ ಮುಟ್ಟಲಿಲ್ಲ. ಹೊರಗೆ ನೋಡಿದರು. ಮಧ್ಯಾಹ್ನದ ಹೊಳೆಗಾಳಿ ಎದ್ದು, ಕಂಬದ ಮೇಲಿನ ಗಾಳಿಚೀಲ ಉಬ್ಬಿ ಅಡ್ಡಕ್ಕೆ ನಿಂತಿತ್ತು.

"ನೀನೊಂದು ಸುತ್ತು ಹಾರಿಸಿ ಬಾ."

ಈ ಹೊತ್ತಲ್ಲೇ ಆಗಬೇಕಾ ಅಂತ ಒಳಗೇ ಗೊಣಗುತ್ತ ಹೋದ. ಇಳಿಯುವಾಗ ಗಾಳಿ ರೆಕ್ಕೆ ಹಿಡಿದು ಜಗ್ಗಿತು. ಕೈಕಾಲಿಗೆ ಒಂದು ಗಳಿಗೆ ಬಿಡುವಿಲ್ಲ. ಚಕ್ರ ನೆಲ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

ಬಂದವನು ಗುರುಗಳು ಹೇಳಿದಂತೆ ತನ್ನ ಗೆರೆಯನ್ನೂ ಎಳೆಸಿ ಪಕ್ಕದಲ್ಲಿಟ್ಟ. ಅದು ರುಕ್ಸಾನಾಳದಕ್ಕಿಂತ ಅಧ್ವಾನವಾಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಉತ್ತಯ್ಯ ಕೇಳಿದ್ದಿಷ್ಟೇ, ಆ ಇಬ್ಬರ ಪಾಳಿ ಯಾವಾಗ ಅಂತ.

ವಾದಿರಾಜ ತಡವರಿಸಿದ. ದೇವದತ್ತ ಹಾಸ್ಟೆಲಿನವನು, ಬೆಳಗಾಗುತ್ತಲೇ ಹಾರುತ್ತಾನೆ. ಆಗ ಒಂದು ಎಲೆಯೂ ಅಲ್ಲಾಡುವುದಿಲ್ಲ. ರುಕ್ಸಾನಾ ದೂರದೂರಿಂದ ಬಸ್ಸಿನಲ್ಲಿ ಬರುವವಳು, ಅವಳಿಗೆ ಮಧ್ಯಾಹ್ನದ ಪಾಳಿ ಬಿಟ್ಟು ಬೇರೆ ಸಿಕ್ಕಿದ್ದೇ ಇಲ್ಲ. ಪಾಳಿ ಹಾಕಿದವನು ತಾನೇ.

"ತಪ್ಪಾಯ್ತು, ಸರ್. ಹಾಗಾದ್ರೆ ದೇವದತ್ತನೇ ಮನೆಗೆ ಹೋಗಲಿ."

ಮುದುಕರಿಗೆ ನಗು ಬಂತು. ಅವನು ಈ ಗಾಳೀಲಿ ಹಾರಿದ್ದನ್ನ ನೀನು ನೋಡಿದ್ದೀಯಾ ಅಂತ ಕೇಳಿದರು.

ಇಲ್ಲ ಅಂದ. ಅಂದು ಮತ್ತೆ ಚಡಪಡಿಸಿದ. "ಸಂಜೆಯೊಳಗೆ ಹೆಸರು ಹೇಳಬೇಕಲ್ಲ, ಸರ್?"

"ಕೇಳಿದವನು ನಾನು, ಕಾಯ್ತೇನೆ. ನೀನು ಮೊದಲು ಇಬ್ಬರಿಗೂ ಒಂದೇ ಗಾಳಿ ಕೊಡು."